ವಿದ್ಯಾಲಯಗಳಲ್ಲಿ ಉಷ್ಣ ಶೈತ್ಯಗಳ ಮಿತವ್ಯಯ



ಅಕ್ಕಿ, ಬೇಳೆ, ಎಣ್ಣೆ, ಸೌದೆ ಇವುಗಳಿಗೆ ಲೆಕ್ಕವಿಟ್ಟು ಸಂಸಾರ ನಡಿಸುವ ಗೃಹಿಣಿಯನ್ನು ಎಲ್ಲರೂ ಹೊಗಳುವರು. ಆದರೆ ಉಷ್ಣಕ್ಕೂ ತಂಪಿಗೂ ಅದೇ ಮೇರೆಗೆ ಲೆಕ್ಕವಿಡಬೇಕಾದ ಕಾಲ ಬಂದಿರುವುದೆಂದು ಹೇಳಿದರೆ ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಈಚಿನ ವರ್ಷಗಳಲ್ಲಿ ಮಾರ್ಚ್, ಏಪ್ರಿಲ್ ತಿಂಗಳುಗಳ ಸೆಕೆಯಿಂದ ನಮ್ಮ ಹುಡುಗಿಯರು ಪರೀಕ್ಷೆಯ ಸಮಯದಲ್ಲಿಯೇ ಬಳಲುವುದನ್ನು ಕಂಡು, ತರಗತಿಗಳಿಗೆ ಹವಾನಿಯಂತ್ರಣ ಯಂತ್ರಗಳನ್ನು ಕೂರಿಸಬೇಕೆಂದು ಕೆಲವು ಪೋಷಕರು ಸೂಚಿಸಿದ್ದಾರೆ. ಅದಕ್ಕೆ ಬೇಕಾಗುವ ಹಣವನ್ನು ಕೂಡಿಸಿ ಕಳುಹಿಸುವೆವೆಂದು ಪರಸ್ಥಳಗಳಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಕೆಲವರು ಪ್ರೀತಿಯಿಂದ ಬರೆದಿದ್ದಾರೆ. ಇಂತಹ ಪ್ರೀತಿಗೆ ಕೃತಜ್ಞತೆ ಹೇಳಿದರೆ ಮಾತ್ರ ಸಾಲದು. ಯೋಚಿಸಿದ ಉತ್ತರವನ್ನೂ ಕೊಡಬೇಕು. ಯಂತ್ರವನ್ನು ಕೊಳ್ಳುವ ಹಣವು ಒಂದೇ ಸಾರಿ ಬರುವುದು. ಅದನ್ನು ನಡಿಸುವ ಹಣವೋ ತಿಂಗಳು ತಿಂಗಳಿಗೂ ಬೇಕು.

ಇದೇ ಪ್ರಶ್ನೆಯನ್ನು ನಮಗಿಂತ ಬಹು ಮುಂಚಿತವಾಗಿ, ನಮಗಿಂತ ಬಹು ದೊಡ್ಡ ಪ್ರಮಾಣದಲ್ಲಿ, ಅಮೇರಿಕಾ ಸಂಯುಕ್ತ ಸಂಸ್ಥಾನಗಳ ಕಾಲೇಜುಗಳು ಎದುರಿಸಿವೆ. ಚಳಿಗಾಲದಲ್ಲಿ ಕಟ್ಟಡಗಳನ್ನು ಬೆಚ್ಚಗಿಡುವುದಕ್ಕೂ ಬೇಸಗೆಯಲ್ಲಿ ತಣ್ಣಗಿಡುವುದಕ್ಕೂ ಅವು ಅಪಾರ ದ್ರವ್ಯವನ್ನು ವೆಚ್ಚಮಾಡಿ, ಕೊನೆಗೆ ಮಿತವ್ಯಯದ ದಾರಿಗಳನ್ನು ಹುಡುಕಿಕೊಂಡವು. ಆ ದಾರಿಗಳನ್ನು ವಿವರಿಸಿ, ಅವುಗಳಿಂದ ನಮಗೆ ದೊರಕುವ ಪಾಠವನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶವು.

ತಂಪು ಎಂಬುದೇನು?

ಮೊದಲು ತಿಳಿಯತಕ್ಕ ಸಂಗತಿಯೇನಂದರೆ, ತಂಪು ಎಂಬುದು ಕಾರ್ಖಾನೆಯಲ್ಲಿ ತಯಾರಿಸತಕ್ಕ ಪದಾರ್ಥವಲ್ಲ. ಒಂದು ಕೋಣೆಯೊಳಗಿನ ಉಷ್ಣವನ್ನು ಹೊರಕ್ಕೆ ಸಾಗಿಸಿದರೆ ಉಳಿಯುವ ಸ್ಥಿತಿಗೇ ತಂಪೆಂದು ಹೆಸರು. ನೀರು ತಾನಾಗಿ ಎತ್ತರದಿಂದ ತಗ್ಗಿಗೆ ಹರಿಯುವಂತೆ, ಉಷ್ಣವೂ ತಾನಾಗಿ ಬಿಸಿಯಾದ ವಸ್ತುವಿನಿಂದ ತಣ್ಣಗಾದ ವಸ್ತುವಿಗೆ ಹರಿಯುವುದು. ತಗ್ಗಿನ ನೀರನ್ನು ಮೇಲಕ್ಕೆ ತರಬೇಕಾದರೆ ರಾಟೆ ಹಗ್ಗಗಳಿಂದ ಸೇದಬೇಕಷ್ಟೆ. ಅದರಂತೆಯೇ, ತಣ್ಣಗಾದ ಕೋಣೆಯೊಳಗಿನ ಉಷ್ಣವನ್ನು ಬಿಸಿಯಾದ ಹೊರಗಿನ ಗಾಳಿಗೆ ಸಾಗಿಸಬೇಕಾದರೆ ಶ್ರಮ ಬೇಕು. ಹವಾನಿಯಂತ್ರಣ ಯಂತ್ರವು ಉಷ್ಣವನ್ನು ಸೇದುವ ರಾಟೆಯಲ್ಲದೆ ಬೇರೇನೂ ಅಲ್ಲ.

ಆ ಯಂತ್ರದ ಕ್ರಮವು ಹೀಗಿದೆ. ಅಂಗೈ ಮೇಲೆ ಸ್ವಲ್ಪ ಸ್ಪಿರಿಟ್ ಹಾಕಿಕೊಂಡರೆ ಅದು ಆರುತ್ತಾ ಕೈಯನ್ನು ತಣ್ಣಗೆ ಮಾಡುವುದು. ಮಣ್ಣಿನ ಹೂಜಿಯ ಹೊರಮೈಯಲ್ಲಿ ಜಿನುಗುವ ನೀರು ಆರುತ್ತಾ ಒಳಗಿನ ನೀರನ್ನು ತಣ್ಣಗಿಡುವುದು. ದ್ರವವು ಆವಿಯಾಗುವಾಗ ಸುತ್ತಲಿನ ಉಷ್ಣವನ್ನು ಹೀರಿಕೊಳ್ಳುವುದೇ ಇದಕ್ಕೆ ಕಾರಣವು. ಯಂತ್ರದಲ್ಲಿ ಬೇಗನೆ ಆವಿಯಾಗುವ ಒಂದು ದ್ರವವು ಕೋಣೆಯೊಳಗಿನ ಕೊಳವೆಗಳಲ್ಲಿ ಆವಿಯಾಗಿ ಕೋಣೆಯ ಉಷ್ಣವನ್ನು ಹೀರುವುದು. ತರುವಾಯ ಆ ಆವಿಯನ್ನು ಒಂದು ಪಂಪು ಬಲವಾಗಿ ಅದುಮುವುದು. ಅದುಮಿದ ಆವಿಯು ಬಹಳ ಬಿಸಿಯಾಗಿ, ಹೊರಗಿನ ಪೆಟ್ಟಿಗೆಯಲ್ಲಿ ತನ್ನ ಉಷ್ಣವನ್ನು ಬಿಟ್ಟುಕೊಟ್ಟು ಪುನಃ ದ್ರವವಾಗುವುದು. ಈ ಪೆಟ್ಟಿಗೆಯ ಎದುರಿಗೆ ನಿಂತವರಿಗೆ ಬಡಿಯುವ ಬಿಸಿಗಾಳಿಯು ಕೋಣೆಯ ಉಷ್ಣವೂ ಯಂತ್ರದಲ್ಲಿ ವೆಚ್ಚವಾದ ವಿದ್ಯುಚ್ಛಕ್ತಿಯೂ ಕೂಡಿದ್ದಾಗಿರುವುದು.

ಇಲ್ಲೊಂದು ಆಶ್ಚರ್ಯವುಂಟು. ಒಂದು ಭಾಗ ವಿದ್ಯುಚ್ಛಕ್ತಿಯಿಂದ ಒಳ್ಳೆಯ ಯಂತ್ರವು ಮೂರು ನಾಲ್ಕು ಭಾಗ ಉಷ್ಣವನ್ನು ಸಾಗಿಸಬಲ್ಲದು. ಉಷ್ಣವನ್ನು ಹುಟ್ಟಿಸುವುದಕ್ಕಿಂತ ಸಾಗಿಸುವುದು ಸುಲಭವು. ತರುವಾಯ ಲಾರ್ಡ್ ಕೆಲ್ವಿನ್ ಎಂದು ಪ್ರಖ್ಯಾತರಾದ, ಗ್ಲಾಸ್ಗೋ ವಿಶ್ವವಿದ್ಯಾಲಯದ ಪ್ರೊಫೆಸರ್ ವಿಲಿಯಂ ಥಾಮ್ಸನ್ ಎಂಬವರು 1852ರಲ್ಲಿಯೇ ಈ ಸಂಗತಿಯನ್ನು ಕಂಡುಕೊಂಡು, ಒಂದೇ ಯಂತ್ರದಿಂದ ಕಟ್ಟಡವನ್ನು ತಣ್ಣಗೆ ಮಾಡಲೂಬಹುದು, ಬೆಚ್ಚಗೆ ಮಾಡಲೂಬಹುದು ಎಂದು ವಿವರಿಸಿದರು. ಕಲ್ಲಿದ್ದಲನ್ನು ಸುಟ್ಟರೆ ಅದರಲ್ಲಿರುವಷ್ಟೇ ಉಷ್ಣವು, ಅದೂ ಸ್ವಲ್ಪ ನಷ್ಟದೊಂದಿಗೆ, ದೊರೆಯುವುದು. ಸಾಗಿಸುವ ಯಂತ್ರದಿಂದ ಕೊಟ್ಟ ಶಕ್ತಿಯ ಹಲವು ಪಾಲು ಉಷ್ಣವು ದೊರೆಯುವುದು. ಮುಂದೆ ಹೇಳುವ ಕಾಲೇಜುಗಳಲ್ಲಿ ಕೆಲವು ಈ ಒಂದು ತತ್ತ್ವದ ಮೇಲೆಯೇ ತಮ್ಮ ಏರ್ಪಾಡನ್ನೆಲ್ಲಾ ಕಟ್ಟಿವೆ.

ತಂಪನ್ನು ಅಳೆಯುವ "ಟನ್" ಎಂಬ ಮಾತು ಅಂಗಡಿಗಳಲ್ಲಿ ಕಿವಿಗೆ ಬೀಳುತ್ತಿರುವುದು. ಅದು ಯಂತ್ರದ ತೂಕವಲ್ಲ. ಯಂತ್ರಗಳು ಹುಟ್ಟುವ ಮೊದಲು ಅಮೇರಿಕಾದವರು ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳಿಂದ ಮಂಜುಗಡ್ಡೆಯನ್ನು ಕೊಯ್ದು ಮಾರುತ್ತಿದ್ದರು. 1833ರಲ್ಲಿ ಬಾಸ್ಟನ್ ಪಟ್ಟಣದಿಂದ ಹಡಗಿನಲ್ಲಿ ಕಲ್ಕತ್ತೆಗೂ ಅದು ಬಂದಿಳಿಯಿತು. ಒಂದು ಟನ್ ಮಂಜುಗಡ್ಡೆಯು 24 ತಾಸುಗಳಲ್ಲಿ ಕರಗುವಾಗ ಎಷ್ಟು ಉಷ್ಣವನ್ನು ಹೀರುವುದೋ ಅಷ್ಟಕ್ಕೆ ಒಂದು ಟನ್ ತಂಪು ಎಂದು ಹೆಸರಾಯಿತು. ಈಗಿನ ಲೆಕ್ಕದಲ್ಲಿ ಅದು ಸುಮಾರು ಮೂರೂವರೆ ಕಿಲೋವಾಟ್. ಸುಮ್ಮನೆ ಕುಳಿತಿರುವ ಒಬ್ಬ ವಯಸ್ಕರ ದೇಹವು ಸುಮಾರು 100 ವಾಟ್ ಉಷ್ಣವನ್ನು ಬಿಡುತ್ತಿರುವುದು. ಹುಡುಗಿಯರಿಗೆ ಇದಕ್ಕಿಂತ ಸ್ವಲ್ಪ ಕಡಿಮೆ. ಹೀಗಿರುವಲ್ಲಿ 40 ಹುಡುಗಿಯರಿರುವ ತರಗತಿಯಲ್ಲಿ ಅವರ ದೇಹದ ಕಾವನ್ನು ಹೊರಗೆ ಸಾಗಿಸುವುದಕ್ಕೇ ಸುಮಾರು ಒಂದು ಟನ್ ಬೇಕಾಗುವುದು. ಮಾಡಿನಿಂದ ಇಳಿಯುವ ಕಾವು, ಕಿಟಕಿಯಿಂದ ಬೀಳುವ ಬಿಸಿಲು, ಬಾಗಿಲ ಸಂದಿನಿಂದ ನುಗ್ಗುವ ಗಾಳಿ ಇವು ಇದರ ಮೇಲೆ ಬೇರೆ.

ಸೋರುವ ಕೊಡ

ಅಮೇರಿಕಾದ ದೊಡ್ಡ ಕಾಲೇಜು ಎಂದರೆ ಒಂದು ಸಣ್ಣ ಪಟ್ಟಣವೇ ಸರಿ. ಪಾಠಶಾಲೆಗಳು, ಹಾಸ್ಟೆಲುಗಳು, ಪುಸ್ತಕಾಲಯ, ಪ್ರಯೋಗಶಾಲೆಗಳು, ಕೆಲವು ಕಡೆ ಆಸ್ಪತ್ರೆ, ಹೀಗೆ ನೂರಾರು ಕಟ್ಟಡಗಳು ಒಂದೇ ಆವರಣದಲ್ಲಿ ಇರುವುವು. ಹಿಂದಿನ ಕಾಲದಲ್ಲಿ ಆವರಣದ ಒಂದು ಮೂಲೆಯಲ್ಲಿ ದೊಡ್ಡ ಬಾಯ್ಲರುಗಳನ್ನಿಟ್ಟು, ಕಲ್ಲಿದ್ದಲನ್ನೋ ಎಣ್ಣೆಯನ್ನೋ ಅನಿಲವನ್ನೋ ಸುಟ್ಟು, ಹಬೆಯನ್ನು ನೆಲದೊಳಗಿನ ಕೊಳವೆಗಳ ಮೂಲಕ ಎಲ್ಲಾ ಕಟ್ಟಡಗಳಿಗೆ ಕಳುಹಿಸುವ ಪದ್ಧತಿಯಿತ್ತು. ಅನೇಕ ಕಡೆ ಈಗಲೂ ಉಂಟು. ಹಬೆಯು ನೀರಿನ ಕುದಿಯುವ ಮಟ್ಟಕ್ಕಿಂತ ಹೆಚ್ಚು ಬಿಸಿಯಾಗಿರುವುದರಿಂದ ದಾರಿಯುದ್ದಕ್ಕೂ ಕೊಳವೆಯಿಂದ ಮಣ್ಣಿಗೆ ಉಷ್ಣವು ಸೋರುವುದು. ಹಿಮ ಬಿದ್ದ ದಿನ ಸುತ್ತಲೂ ನೆಲವು ಬೆಳ್ಳಗಿರುವಾಗ ಹಬೆಯ ಕೊಳವೆಯ ಮೇಲಿನ ನೆಲದಲ್ಲಿ ಮಾತ್ರ ಹಿಮ ಕರಗಿ ಹಸಿರು ಹುಲ್ಲು ಕಾಣಿಸುವುದುಂಟು. ಆ ಹಸಿರು ಗೆರೆಯು ಕಾಲೇಜಿನ ಹಣವು ಸೋರಿಹೋಗುವ ಗೆರೆಯೇ.

ತೂತುಬಿದ್ದ ಕೊಡಕ್ಕೆ ಎಷ್ಟು ನೀರು ಹೊಯ್ದರೂ ತುಂಬದು. ಆದಕಾರಣ ಬುದ್ಧಿವಂತರಾದ ಆಡಳಿತಗಾರರು ಹೊಸ ಯಂತ್ರವನ್ನು ಕೊಳ್ಳುವ ಮೊದಲು ತೂತುಗಳನ್ನು ಮುಚ್ಚುವರು: ಮಾಡಿನ ಕೆಳಗೆ ಉಷ್ಣವನ್ನು ತಡೆಯುವ ಪದರವನ್ನು ಹಾಸುವುದು, ಒಂಟಿ ಗಾಜಿನ ಕಿಟಕಿಗಳಿಗೆ ಜೋಡಿ ಗಾಜು ಹಾಕಿಸುವುದು, ಸಂದುಗಳನ್ನು ಮುಚ್ಚುವುದು, ಯಾರೂ ಇಲ್ಲದ ಕೋಣೆಗೆ ಉಷ್ಣವನ್ನಾಗಲಿ ತಂಪನ್ನಾಗಲಿ ಕಳುಹಿಸದಿರುವುದು. ಇವು ಹೇಳುವುದಕ್ಕೆ ಸಣ್ಣವು. ಆದರೂ ಹನಿಗೂಡಿದರೆ ಹಳ್ಳ.

ಇದಕ್ಕೆ ಒಂದು ಉದಾಹರಣೆ. ರಸಾಯನಶಾಸ್ತ್ರದ ಪ್ರಯೋಗಶಾಲೆಗಳಲ್ಲಿ ವಿಷವಾಯುಗಳನ್ನು ಹೊರಕ್ಕೆ ಎಳೆಯುವ, ಮೇಲೆ ಕೆಳಗೆ ಸರಿಯುವ ಗಾಜಿನ ಬಾಗಿಲುಳ್ಳ ಗೂಡುಗಳಿರುವುವು. ಆ ಗಾಜನ್ನು ತೆರೆದಿಟ್ಟಷ್ಟು ಹೊತ್ತೂ ದುಡ್ಡು ಕೊಟ್ಟು ತಣ್ಣಗೆ ಅಥವಾ ಬೆಚ್ಚಗೆ ಮಾಡಿದ ಗಾಳಿಯನ್ನು ಅದು ಹೊರಕ್ಕೆ ಚೆಲ್ಲುತ್ತಿರುವುದು. ಇಂತಹ ಒಂದೇ ಗೂಡು ಹಲವು ಮನೆಗಳಷ್ಟು ಶಕ್ತಿಯನ್ನು ನುಂಗಬಲ್ಲದು. ಹಾರ್ವರ್ಡ್ ವಿಶ್ವವಿದ್ಯಾಲಯದವರು ಕೆಲಸ ಮುಗಿದ ಕೂಡಲೇ ಗಾಜನ್ನು ಇಳಿಸುವ ಅಭ್ಯಾಸವನ್ನು ಬೆಳಿಸುವುದಕ್ಕಾಗಿ ಪ್ರಯೋಗಶಾಲೆಗಳ ನಡುವೆ ಸ್ಪರ್ಧೆಯನ್ನೇ ಏರ್ಪಡಿಸಿದರು. ಇದಕ್ಕೆ ಹೊಸ ಯಂತ್ರವೇನೂ ಬೇಕಾಗಲಿಲ್ಲ. ಕೈಯ ಶಿಸ್ತು ಸಾಕಾಯಿತು.

ಓಹಾಯೋ ಸಂಸ್ಥಾನದ ಓಬರ್ಲಿನ್ ಕಾಲೇಜಿನ ಸಂಗತಿಯು ನಮಗೆ ಇನ್ನೂ ಹತ್ತಿರದ್ದು. ಸಭಾಪಾಲಕರಿಂದ 1833ರಲ್ಲಿ ಸ್ಥಾಪಿತವಾದ ಆ ಕಾಲೇಜು ಗಂಡಸರೊಂದಿಗೆ ಸ್ತ್ರೀಯರನ್ನೂ ಪದವಿಯ ವ್ಯಾಸಂಗಕ್ಕೆ ಸೇರಿಸಿಕೊಳ್ಳುವುದರಲ್ಲಿ ಅಮೇರಿಕಾದಲ್ಲಿ ಮೊದಲನೆಯದು. 2005ರಲ್ಲಿ ಅಲ್ಲಿಯ ಹಾಸ್ಟೆಲುಗಳ ನಡುವೆ ಎರಡು ವಾರಗಳ ಸ್ಪರ್ಧೆ ನಡೆಯಿತು. ಪ್ರತಿಯೊಂದು ಹಾಸ್ಟೆಲಿನಲ್ಲಿ ಎಷ್ಟು ವಿದ್ಯುಚ್ಛಕ್ತಿ ವೆಚ್ಚವಾಗುತ್ತಿದೆಯೆಂಬುದನ್ನು ವಿದ್ಯಾರ್ಥಿಗಳ ಕಣ್ಣಿಗೆ ಕಾಣುವಂತೆ ಇಟ್ಟದ್ದರಿಂದ ವೆಚ್ಚವು ಸರಾಸರಿ ಶೇಕಡಾ 32ರಷ್ಟು ಇಳಿಯಿತು. ಲೆಕ್ಕವು ಕಣ್ಣಮುಂದೆ ಇದ್ದರೆ ಕೈಯು ತಾನಾಗಿ ಬಿಗಿಯಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕೆರೆಯ ತಂಪು

ತೂತುಗಳನ್ನು ಮುಚ್ಚಿದ ತರುವಾಯ, ಉಳಿದ ಉಷ್ಣವನ್ನು ಎಲ್ಲಿಗೆ ಸಾಗಿಸಬೇಕು, ಎಲ್ಲಿಂದ ತರಬೇಕು ಎಂಬ ಪ್ರಶ್ನೆಯು ಬರುವುದು. ಇದಕ್ಕೆ ಮೂರು ವಿದ್ಯಾಲಯಗಳು ಮೂರು ಬಗೆಯ ಉತ್ತರ ಕೊಟ್ಟಿವೆ.

ನ್ಯೂಯಾರ್ಕ್ ಸಂಸ್ಥಾನದ ಇಥಾಕಾ ಪಟ್ಟಣದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯವು ಒಂದು ಗುಡ್ಡದ ಮೇಲಿದೆ. ಗುಡ್ಡದ ಕೆಳಗೆ ಕಯೂಗಾ ಎಂಬ ಉದ್ದವಾದ, ಬಹಳ ಆಳವಾದ ಸರೋವರವಿದೆ. ನೀರಿಗೆ ದೇವರು ಒಂದು ವಿಶೇಷ ಗುಣವನ್ನಿಟ್ಟಿದ್ದಾನೆ. ಬಹುತೇಕ ಪದಾರ್ಥಗಳು ತಣ್ಣಗಾದಷ್ಟೂ ಕುಗ್ಗಿ ಭಾರವಾಗುತ್ತಾ ಹೋಗುವುವು; ಸಿಹಿನೀರು ಮಾತ್ರ ಸುಮಾರು 4 ಡಿಗ್ರಿ ಸೆಂಟಿಗ್ರೇಡಿನಲ್ಲಿ ಅತ್ಯಂತ ಭಾರವಾಗಿದ್ದು, ಅದಕ್ಕಿಂತ ತಣ್ಣಗಾದರೆ ಪುನಃ ಹಗುರವಾಗುವುದು. ಆದಕಾರಣ ಚಳಿಗಾಲದಲ್ಲಿ ತಣ್ಣಗಾದ ನೀರು ಸರೋವರದ ಆಳಕ್ಕಿಳಿದು ಅಲ್ಲಿಯೇ ನಿಲ್ಲುವುದು. ಬೇಸಗೆಯ ಬಿಸಿನೀರು ಹಗುರವಾಗಿ ಮೇಲೆಯೇ ತೇಲುವುದು. ಹೀಗೆ ಆಳದ ನೀರು ವರ್ಷವಿಡೀ ಮಂಜಿನಂತೆ ತಣ್ಣಗಿರುವುದು.

ಈ ತಂಪನ್ನು ಕಾರ್ನೆಲಿನವರು 2000ನೆಯ ಇಸವಿಯಿಂದ ಉಪಯೋಗಿಸುತ್ತಿದ್ದಾರೆ. ಸುಮಾರು 250 ಅಡಿ ಆಳದಿಂದ ಒಂದು ದೊಡ್ಡ ಕೊಳವೆಯ ಮೂಲಕ ನೀರನ್ನು ದಡದ ಮೇಲಿನ ಒಂದು ಕಟ್ಟಡಕ್ಕೆ ತರುವರು. ವಿಶ್ವವಿದ್ಯಾಲಯದ ಕಟ್ಟಡಗಳಲ್ಲಿ ಸುತ್ತಾಡಿ ಬೆಚ್ಚಗಾದ ಬೇರೆ ನೀರೂ ಗುಡ್ಡದಿಂದ ಅಲ್ಲಿಗೆ ಇಳಿದು ಬರುವುದು. ತೆಳುವಾದ ಲೋಹದ ಫಲಕಗಳ ಒಂದು ಮಗ್ಗುಲಲ್ಲಿ ಸರೋವರದ ನೀರೂ ಇನ್ನೊಂದು ಮಗ್ಗುಲಲ್ಲಿ ವಿದ್ಯಾಲಯದ ನೀರೂ ಹರಿಯುವುವು. ಎರಡು ನೀರುಗಳು ಎಂದಿಗೂ ಬೆರೆಯವು. ಉಷ್ಣವು ಮಾತ್ರ ಫಲಕವನ್ನು ದಾಟಿಹೋಗುವುದು. ಕರಾವಳಿಯ ಹೆಂಗಸರು ಗಂಜಿಯ ಪಾತ್ರೆಯನ್ನು ತಣ್ಣೀರಿನ ತಟ್ಟೆಯಲ್ಲಿಟ್ಟು ಆರಿಸುವ ಉಪಾಯವೇ ಇದು. ತಂಪು ಮಾಡುವ ಪಂಪು ಯಂತ್ರಗಳಿಗೆ ಬದಲಾಗಿ ನೀರನ್ನು ನೂಕುವ ಪಂಪುಗಳು ಮಾತ್ರ ಸಾಕಾದದ್ದರಿಂದ, ತಂಪಿಗೆ ತಗಲುತ್ತಿದ್ದ ಶಕ್ತಿಯಲ್ಲಿ ಶೇಕಡಾ 80ಕ್ಕಿಂತ ಹೆಚ್ಚು ಉಳಿತಾಯವಾಯಿತು. ಆ ಪಟ್ಟಣದ ಹೈಸ್ಕೂಲಿಗೂ ಇದೇ ತಂಪಿನಲ್ಲಿ ಪಾಲು ದೊರಕಿತೆಂಬುದು ಶಾಲೆಯವಳಾದ ನನಗೆ ವಿಶೇಷ ಸಂತೋಷದ ಸಂಗತಿ.

ಆದರೆ ಈ ಕೆಲಸಕ್ಕೆ ವಿರೋಧವಿರಲಿಲ್ಲವೆಂದು ತಿಳಿಯಬಾರದು. ಆಳದ ನೀರಿನಲ್ಲಿರುವ ರಂಜಕವು ಸರೋವರದ ಆಳವಿಲ್ಲದ ದಕ್ಷಿಣ ಭಾಗಕ್ಕೆ ಬಂದು ಬಿದ್ದರೆ ಪಾಚಿಯು ಬೆಳೆಯಬಹುದೆಂದು ಕೆಲವು ನಾಗರಿಕರು ಆಕ್ಷೇಪಿಸಿದರು. ಸರಕಾರವು ನೀರಿನ ಪರೀಕ್ಷೆಯನ್ನು ವಿಧಿಸಿತು. ಸಾಮಾನ್ಯ ಯಂತ್ರಗಳಿಗಿಂತ ಹೆಚ್ಚಾಗಿ ಮೊದಲಿಗೇ ಸುಮಾರು 5 ಕೋಟಿ 80 ಲಕ್ಷ ಡಾಲರು ವೆಚ್ಚವೂ ತಗಲಿತು. ಸೃಷ್ಟಿಯಿಂದ ಎರವಲು ಪಡೆಯುವವರು ಸೃಷ್ಟಿಗೆ ಲೆಕ್ಕ ಒಪ್ಪಿಸಲೂ ಸಿದ್ಧರಿರಬೇಕು.

ಭೂಮಿಯ ಉಗ್ರಾಣ

ಎಲ್ಲಾ ಕಾಲೇಜುಗಳ ಬಳಿಯಲ್ಲಿ ಸರೋವರವಿರದು. ಆದರೆ ಕಾಲಕೆಳಗೆ ಭೂಮಿಯು ಎಲ್ಲರಿಗೂ ಉಂಟು. ಕೆಲವು ಅಡಿ ಆಳಕ್ಕೆ ಹೋದರೆ ಮಣ್ಣಿನ ಉಷ್ಣತೆಯು ಬೇಸಗೆಯಲ್ಲಿಯೂ ಚಳಿಗಾಲದಲ್ಲಿಯೂ ಹೆಚ್ಚು ಕಡಿಮೆ ಒಂದೇ ಸಮನಾಗಿರುವುದು. ಬಾವಿಯ ನೀರು ಚಳಿಗಾಲದ ಬೆಳಿಗ್ಗೆ ಬೆಚ್ಚಗೂ ಬೇಸಗೆಯ ಮಧ್ಯಾಹ್ನ ತಣ್ಣಗೂ ಕಾಣುವುದಕ್ಕೆ ಇದೇ ಕಾರಣವು.

ಇಂಡಿಯಾನಾ ಸಂಸ್ಥಾನದ ಮನ್ಸಿ ಪಟ್ಟಣದಲ್ಲಿ ಬಾಲ್ ಸ್ಟೇಟ್ ವಿಶ್ವವಿದ್ಯಾಲಯವೆಂಬುದೊಂದಿದೆ. ಹಣ್ಣು ತರಕಾರಿಗಳನ್ನು ಕೆಡದಂತೆ ಕಾಪಾಡುವ ಗಾಜಿನ ಭರಣಿಗಳನ್ನು ಮಾಡಿ ಶ್ರೀಮಂತರಾದ ಬಾಲ್ ಸಹೋದರರು ಆ ವಿದ್ಯಾಲಯಕ್ಕೆ ನೆಲವನ್ನು ದಾನಕೊಟ್ಟವರು. ಅಲ್ಲಿ ನಾಲ್ಕು ಹಳೆಯ ಬಾಯ್ಲರುಗಳು ಕಲ್ಲಿದ್ದಲನ್ನು ಸುಡುತ್ತಿದ್ದುವು. ಅವು ಜೀರ್ಣವಾದಾಗ ಹೊಸ ಬಾಯ್ಲರನ್ನು ತರುವುದಕ್ಕೆ ಬದಲಾಗಿ, 2009ರಿಂದ ಆಟದ ಬಯಲುಗಳ ಮತ್ತು ವಾಹನ ನಿಲ್ಲಿಸುವ ಅಂಗಳಗಳ ಅಡಿಯಲ್ಲಿ 400ರಿಂದ 500 ಅಡಿ ಆಳದ ರಂಧ್ರಗಳನ್ನು ಕೊರೆಯತೊಡಗಿದರು. ಇಂತಹ ರಂಧ್ರಗಳು ಸುಮಾರು 3,600 ಆದುವು. ಇವು ನಮ್ಮ ಕೊಳವೆಬಾವಿಗಳಂತೆ ಕಂಡರೂ ಇವುಗಳಿಂದ ನೀರನ್ನು ಎತ್ತುವುದಿಲ್ಲ. ಒಳಗಿಳಿಸಿದ ಕೊಳವೆಯಲ್ಲಿ ಒಂದೇ ನೀರು ಇಳಿದು ಏರಿ ಸುತ್ತುತ್ತಿರುವುದು. ಬೇಸಗೆಯಲ್ಲಿ ಕಟ್ಟಡಗಳ ಉಷ್ಣವನ್ನು ಆ ನೀರು ಭೂಮಿಗೆ ಒಯ್ದು ಒಪ್ಪಿಸುವುದು. ಚಳಿಗಾಲದಲ್ಲಿ ಭೂಮಿಯ ಉಷ್ಣವನ್ನು ಮೇಲಕ್ಕೆ ತರುವುದು. ಥಾಮ್ಸನರು ಹೇಳಿದ ಯಂತ್ರವು ಅದನ್ನು ಬೇಕಾದಷ್ಟು ಬಿಸಿಯ ಮಟ್ಟಕ್ಕೆ ಏರಿಸಿ ಕೊಡುವುದು. 2012ರಲ್ಲಿ ಈ ಏರ್ಪಾಡಿನ ಮೊದಲ ಭಾಗದ ಪ್ರಾರಂಭೋತ್ಸವವಾಯಿತು. 2014ರಲ್ಲಿ ಕಲ್ಲಿದ್ದಲಿನ ಬೆಂಕಿಯು ಅಲ್ಲಿ ಆರಿಹೋಯಿತು.

ಯೋಸೇಫನು ಐಗುಪ್ತದಲ್ಲಿ ಸುಭಿಕ್ಷದ ಏಳು ವರ್ಷಗಳ ಧಾನ್ಯವನ್ನು ಕಣಜಗಳಲ್ಲಿ ತುಂಬಿ ಕ್ಷಾಮದ ಏಳು ವರ್ಷಗಳಿಗೆ ಒದಗಿಸಿದ ಚರಿತ್ರೆಯು ನಮ್ಮ ಹುಡುಗಿಯರಿಗೆಲ್ಲಾ ಬಾಯಿಪಾಠವು. ಬೇಸಗೆಯ ಬೇಡವಾದ ಉಷ್ಣವನ್ನು ಚಳಿಗಾಲಕ್ಕಾಗಿ ಭೂಮಿಯಲ್ಲಿ ಕೂಡಿಡುವುದೂ ಅದೇ ಬಗೆಯ ಜಾಣತನವಲ್ಲವೇ? 1837ರಲ್ಲಿ ಮೇರಿ ಲಯನ್ ಎಂಬ ಮಹಿಳೆಯು ಸ್ಥಾಪಿಸಿದ, ಅನೇಕ ಮಿಷನರಿ ಸ್ತ್ರೀಯರನ್ನು ಇಂಡಿಯಾ ಮೊದಲಾದ ದೇಶಗಳಿಗೆ ಕಳುಹಿಸಿದ ಮೌಂಟ್ ಹೋಲಿಯೋಕ್ ಎಂಬ ಸ್ತ್ರೀಯರ ಕಾಲೇಜು ಕೂಡ ಹಬೆಯನ್ನು ಬಿಟ್ಟು ಇದೇ ಭೂಮಿಯ ಉಗ್ರಾಣಕ್ಕೆ ತಿರುಗಿಕೊಂಡಿದೆ. ತನ್ನ ಇನ್ನೂರನೆಯ ವರ್ಷವಾದ 2037ರೊಳಗೆ ತನ್ನಿಂದ ವಾಯುಮಂಡಲಕ್ಕೆ ಹೊಗೆಯ ಭಾರವು ಉಳಿಯಬಾರದೆಂದು ಅದು ಗುರಿಯಿಟ್ಟುಕೊಂಡಿದೆ.

ತುಂಡುಗಳನ್ನು ಕೂಡಿಸುವ ಪುಟ್ಟಿಗಳು

ಮೂರನೆಯ ಉತ್ತರವು ಕ್ಯಾಲಿಫೋರ್ನಿಯಾ ಸಂಸ್ಥಾನದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ್ದು. ಅಲ್ಲಿ 1987ರಿಂದ ಅನಿಲವನ್ನು ಸುಟ್ಟು ವಿದ್ಯುತ್ತನ್ನೂ ಹಬೆಯನ್ನೂ ಹುಟ್ಟಿಸುವ ಕೇಂದ್ರವೊಂದಿತ್ತು. ಅದರ ಅವಧಿ ತೀರುವ ಮೊದಲು ಅಲ್ಲಿಯ ಎಂಜಿನಿಯರರು ವರ್ಷದ ಪ್ರತಿಯೊಂದು ತಾಸಿನಲ್ಲಿ ಎಷ್ಟು ಬಿಸಿ ಬೇಕು, ಎಷ್ಟು ತಂಪು ಬೇಕು ಎಂದು ಲೆಕ್ಕಹಾಕಿ ನೋಡಿದರು. ಆಗ ಒಂದು ವಿಚಿತ್ರವು ಬಯಲಾಯಿತು. ಪ್ರಯೋಗಶಾಲೆ, ಆಸ್ಪತ್ರೆ, ಗಣಕಯಂತ್ರಗಳ ಕೋಣೆ ಇವುಗಳಿಗೆ ಚಳಿಗಾಲದಲ್ಲಿಯೂ ತಂಪು ಬೇಕು. ಅದೇ ಹೊತ್ತಿನಲ್ಲಿ ಹಾಸ್ಟೆಲುಗಳ ಸ್ನಾನದ ಮನೆಗಳಿಗೂ ಬೇರೆ ಕಟ್ಟಡಗಳಿಗೂ ಬಿಸಿ ಬೇಕು. ಹೀಗಿದ್ದರೂ ಒಂದು ಮಗ್ಗುಲಲ್ಲಿ ತಂಪುಗೋಪುರಗಳು ಉಷ್ಣವನ್ನು ಆಕಾಶಕ್ಕೆ ಚೆಲ್ಲುತ್ತಿದ್ದುವು. ಇನ್ನೊಂದು ಮಗ್ಗುಲಲ್ಲಿ ಅನಿಲವನ್ನು ಸುಟ್ಟು ಹೊಸ ಉಷ್ಣವನ್ನು ಹುಟ್ಟಿಸುತ್ತಿದ್ದರು!

ಆದಕಾರಣ 2015ರಲ್ಲಿ ಅವರು ಹಳೆಯ ಕೇಂದ್ರವನ್ನು ಮುಚ್ಚಿ, ತಣ್ಣಗೆ ಮಾಡುವಾಗ ಹೊರಬೀಳುವ ಉಷ್ಣವನ್ನು ಹಿಡಿದು ಬಿಸಿನೀರಾಗಿ ಕಳುಹಿಸುವ ಹೊಸ ಕೇಂದ್ರವನ್ನು ನಡಿಸತೊಡಗಿದರು. ಇದಕ್ಕಾಗಿ 20ಕ್ಕೂ ಹೆಚ್ಚು ಮೈಲುಗಳಷ್ಟು ಕೊಳವೆಗಳನ್ನು ಹೊಸದಾಗಿ ಹೂಳಿ, ಸುಮಾರು 155 ಕಟ್ಟಡಗಳನ್ನು ಹಬೆಯಿಂದ ಬಿಸಿನೀರಿಗೆ ಬದಲಾಯಿಸಬೇಕಾಯಿತು. ಬಿಸಿನೀರು ಹಬೆಗಿಂತ ಕಡಿಮೆ ಬಿಸಿಯಾದುದರಿಂದ ದಾರಿಯಲ್ಲಿ ಸೋರುವ ಉಷ್ಣವೂ ಕಡಿಮೆಯಾಯಿತು. ಬಿಸಿನೀರಿಗೂ ತಣ್ಣೀರಿಗೂ ದೊಡ್ಡ ದೊಡ್ಡ ತೊಟ್ಟಿಗಳನ್ನು ಕಟ್ಟಿ, ವಿದ್ಯುತ್ತು ಅಗ್ಗವಾಗಿರುವ ಹೊತ್ತಿನಲ್ಲಿ ಯಂತ್ರಗಳನ್ನು ನಡಿಸಿ ತುಂಬಿಕೊಂಡು, ತುಟ್ಟಿಯಾಗಿರುವ ಹೊತ್ತಿನಲ್ಲಿ ಅದನ್ನೇ ಉಪಯೋಗಿಸುವರು. ಕಟ್ಟಡಗಳಿಗೆ ಬೇಕಾಗುವ ಬಿಸಿಯ ಹೆಚ್ಚಿನ ಭಾಗವು ಈಗ ಹಿಂದೆ ಆಕಾಶಕ್ಕೆ ಹೋಗುತ್ತಿದ್ದ ಉಷ್ಣದಿಂದಲೇ ದೊರಕುವುದು. ತಂಪುಗೋಪುರಗಳಲ್ಲಿ ಆವಿಯಾಗಿ ಹೋಗುತ್ತಿದ್ದ ನೀರೂ ಉಳಿಯಿತು.

ಕರ್ತನು ಐದು ರೊಟ್ಟಿಗಳಿಂದ ಸಾವಿರಾರು ಜನರನ್ನು ತೃಪ್ತಿಪಡಿಸಿದ ತರುವಾಯ ಉಳಿದ ತುಂಡುಗಳನ್ನು ಶಿಷ್ಯರಿಂದ ಕೂಡಿಸಿದನು. ಹನ್ನೆರಡು ಪುಟ್ಟಿಗಳು ತುಂಬಿದವು. ಅದ್ಭುತ ಮಾಡಬಲ್ಲವನೇ ತುಂಡುಗಳನ್ನು ಬಿಸಾಡಗೊಡಿಸದಿರುವಾಗ, ಅದ್ಭುತ ಮಾಡಲಾರದ ನಾವು ಬಿಸಾಡುವುದು ಹೇಗೆ ತಕ್ಕದ್ದಾದೀತು?

ನಮ್ಮ ನಾಡಿನಲ್ಲಿ

ಈ ಮೂರು ವಿದ್ಯಾಲಯಗಳ ಕೊಳವೆ ತೊಟ್ಟಿಗಳನ್ನು ನಾವು ಅನುಕರಿಸುವಂತಿಲ್ಲ. ನಮಗೆ ಅಂತಹ ಚಳಿಯೂ ಇಲ್ಲ, ಅಂತಹ ದ್ರವ್ಯವೂ ಇಲ್ಲ. ಆದರೆ ಅವು ಹಿಡಿದ ಅನುಕ್ರಮವು ಎಲ್ಲಾ ದೇಶಗಳಿಗೂ ಒಂದೇ. ಅದೇನೆಂದರೆ: ಮೊದಲು ಉಷ್ಣವನ್ನು ಒಳಗೆ ಬರಗೊಡಿಸಬಾರದು, ಎರಡನೆಯದಾಗಿ, ಸೃಷ್ಟಿಯು ಧರ್ಮಾರ್ಥವಾಗಿ ಕೊಡುವ ಗಾಳಿ, ನೆರಳು, ನೀರುಗಳನ್ನು ಪೂರ್ತಿಯಾಗಿ ಉಪಯೋಗಿಸಬೇಕು, ಕಟ್ಟಕಡೆಗೆ ಯಂತ್ರ. ಈ ಅನುಕ್ರಮವನ್ನು ತಲೆಕೆಳಗು ಮಾಡಿದವರು ಸೋರುವ ಕೊಡಕ್ಕೆ ನೀರು ಹೊಯ್ಯುವವರಾಗುವರು.

ನಮ್ಮ ಹಿಂದಿನವರಿಗೆ ಈ ತತ್ತ್ವವು ತಿಳಿಯದಿರಲಿಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ತರುವಾಯ ಹರಡಿದ ಎತ್ತರದ ಹಂಚಿನ ಮಾಡು, ಅದರ ಕೆಳಗೆ ಹಲಗೆಯ ಮಚ್ಚು, ಸುತ್ತಲೂ ಅಗಲವಾದ ಜಗಲಿ, ಗೋಡೆಯ ಮೇಲ್ಭಾಗದಲ್ಲಿ ಗಾಳಿಗಂಡಿಗಳು ಇವೆಲ್ಲಾ ಉಷ್ಣದ ಲೆಕ್ಕವನ್ನು ಬಲ್ಲವರ ಕೆಲಸವು. ಬಿಸಿಗಾಳಿಯು ಹಗುರವಾಗಿ ಮೇಲಕ್ಕೇರಿ ಹಂಚುಗಳ ಸಂದಿನಿಂದಲೂ ಗಂಡಿಗಳಿಂದಲೂ ಹೊರಗೆ ಹೋಗುವುದು. ಕೆಳಗಿನ ಕಿಟಕಿಗಳಿಂದ ಹೊಸ ಗಾಳಿ ಬರುವುದು. ಜಗಲಿಯು ಬಿಸಿಲನ್ನು ಗೋಡೆಗೆ ಮುಟ್ಟಗೊಡಿಸದು. ಇದಕ್ಕೆ ವಿರೋಧವಾಗಿ, ತಗ್ಗಾದ ಕಾಂಕ್ರೀಟು ತಾರಸಿಯು ಹಗಲೆಲ್ಲಾ ಬಿಸಿಲನ್ನು ಕುಡಿದು, ಮಧ್ಯಾಹ್ನದ ತರುವಾಯ ಅದೇ ಕಾವನ್ನು ಕೆಳಗೆ ಕುಳಿತವರ ತಲೆಯ ಮೇಲೆ ಇಳಿಸುವುದು.

ಹೊಸ ಕಾಲದ ಕಟ್ಟಡಗಳಲ್ಲಿಯೂ ಯೋಚನೆಯಿದ್ದರೆ ಮಿತವ್ಯಯ ಸಾಧ್ಯವೆಂಬುದಕ್ಕೆ, ಬೆಂಗಳೂರಿನಲ್ಲಿ ಮುಖ್ಯ ಕಚೇರಿಯುಳ್ಳ ಇನ್ಫೋಸಿಸ್ ಸಂಸ್ಥೆಯು ಹೈದರಾಬಾದಿನ ಪೋಚಾರಂ ಆವರಣದಲ್ಲಿ 2011ರಲ್ಲಿ ತೆರೆದ ಕಟ್ಟಡವು ಸಾಕ್ಷಿಯಾಗಿದೆ. ಅದರ ಅರ್ಧ ಭಾಗಕ್ಕೆ ತಣ್ಣನೆಯ ಗಾಳಿಯನ್ನು ಊದುವ ಸಾಮಾನ್ಯ ಪದ್ಧತಿಯನ್ನೂ, ಇನ್ನರ್ಧಕ್ಕೆ ಕಾಂಕ್ರೀಟಿನಲ್ಲಿ ಹುದುಗಿಸಿದ ಕೊಳವೆಗಳಲ್ಲಿ ತಣ್ಣೀರನ್ನು ಹರಿಸುವ ಪದ್ಧತಿಯನ್ನೂ ಇಟ್ಟು ಹೋಲಿಸಿದರು. ಗಾಳಿಗಿಂತ ನೀರು ಉಷ್ಣವನ್ನು ಬಹು ಸುಲಭವಾಗಿ ಹೊರುವುದಾದುದರಿಂದ, ನೀರಿನ ಭಾಗಕ್ಕೆ ಸುಮಾರು ಮೂರನೆಯ ಒಂದು ಪಾಲು ಶಕ್ತಿಯು ಕಡಿಮೆ ಸಾಕಾಯಿತು.

ನಮ್ಮ ಶಾಲೆಯ ಮುಂದಿರುವ ಲೆಕ್ಕ

ಈಗ ಮೊದಲಿಗೆ ಹೇಳಿದ ಪ್ರಶ್ನೆಗೆ ಬರುವೆನು. ದೃಷ್ಟಾಂತಕ್ಕಾಗಿ ಹನ್ನೆರಡು ತರಗತಿಗಳನ್ನು ತೆಗೆದುಕೊಳ್ಳೋಣ. ಪ್ರತಿಯೊಂದಕ್ಕೆ ಒಂದೂವರೆ ಟನ್ನಿನ ಎರಡು ಯಂತ್ರಗಳು. ಸುಡುಬಿಸಿಲಿನಲ್ಲಿ ಒಂದೊಂದಕ್ಕೆ ಸುಮಾರು ಒಂದೂವರೆ ಕಿಲೋವಾಟ್. ದಿನಕ್ಕೆ 5 ತಾಸು. ಹೀಗೆ ಲೆಕ್ಕಹಾಕಿದರೆ ದಿನಕ್ಕೆ 180 ಯೂನಿಟ್, 25 ದಿವಸಗಳ ತಿಂಗಳಿಗೆ 4,500 ಯೂನಿಟ್ ವಿದ್ಯುತ್ತು ಬೇಕಾಗುವುದು. ಅದೇ ಹನ್ನೆರಡು ತರಗತಿಗಳಿಗೆ ನಾಲ್ಕು ನಾಲ್ಕರಂತೆ 48 ಫ್ಯಾನುಗಳನ್ನು ಅಷ್ಟೇ ಹೊತ್ತು ತಿರುಗಿಸಿದರೆ, 75 ವಾಟಿನ ಹಳೆಯ ಫ್ಯಾನುಗಳಿಗೆ ತಿಂಗಳಿಗೆ 450 ಯೂನಿಟ್ಟೂ, 30 ವಾಟಿನ ಹೊಸ ಬಗೆಯವುಗಳಿಗೆ 180 ಯೂನಿಟ್ಟೂ ಸಾಕು. ಯಂತ್ರದ ಒಂದು ದಿವಸದ ಊಟವು ಹೊಸ ಫ್ಯಾನಿಗೆ ಒಂದು ತಿಂಗಳ ಊಟವಾಯಿತು.

ಈ ಅಂತರವನ್ನು ಯಾರು ತೆರಬೇಕು? ಯಂತ್ರವನ್ನು ದಾನಕೊಟ್ಟವರಲ್ಲ. ಅದು ಪ್ರತಿ ವರ್ಷವೂ ಶುಲ್ಕಕ್ಕೆ ಸೇರುವುದು. ಶುಲ್ಕವು ಹೆಚ್ಚಿದಾಗ ಮೊದಲು ಶಾಲೆ ಬಿಡುವವಳು ಯಾರೆಂಬುದು ಹುಡುಗಿಯರ ಶಾಲೆಯನ್ನು ಬಲ್ಲವರೆಲ್ಲರಿಗೂ ತಿಳಿದದ್ದೇ: ಬಡವರ ಮನೆಯ ಹುಡುಗಿಯು, ಅಣ್ಣತಮ್ಮಂದಿರ ಓದಿಗಾಗಿ ತನ್ನ ಓದನ್ನು ಬಿಟ್ಟುಕೊಡಬೇಕೆಂದು ಮನೆಯವರು ಹೇಳುವ ಹುಡುಗಿಯು. ಇಂತಹವಳಿಗಾಗಿಯೇ ಈ ಶಾಲೆಯ ಬಾಗಿಲು ತೆರೆದಿರುವುದು. ತಂಪಾದ ತರಗತಿಯಲ್ಲಿ ಆಕೆಯ ಬೆಂಚು ಬರಿದಾಗಿದ್ದರೆ ಆ ತಂಪಿನಿಂದ ನಮಗೇನು ಪ್ರಯೋಜನ?

ಇನ್ನೊಂದು ಸಂಗತಿಯನ್ನೂ ತಾಯಂದಿರು ಗಮನಿಸಬೇಕು. ಗೋಡೆಗೆ ತಗಲಿಸುವ ಸಾಮಾನ್ಯ ಯಂತ್ರಗಳು ಹೊರಗಿನ ಹೊಸ ಗಾಳಿಯನ್ನು ಒಳಗೆ ತರುವುದಿಲ್ಲ. ಒಳಗಿನ ಗಾಳಿಯನ್ನೇ ತಿರುಗಿ ತಿರುಗಿ ತಣ್ಣಗೆ ಮಾಡುವುವು. ಕಿಟಕಿ ಮುಚ್ಚಿದ ಕೋಣೆಯಲ್ಲಿ 40 ಮಕ್ಕಳು ಉಸಿರಾಡಿದ ಗಾಳಿಯು ಅಲ್ಲಿಯೇ ಉಳಿದರೆ ತಲೆಯು ಭಾರವಾಗುವುದು, ತೂಕಡಿಕೆ ಬರುವುದು, ಒಬ್ಬಳ ನೆಗಡಿಯು ಹತ್ತು ಮಂದಿಗೆ ಹಬ್ಬುವುದು.

ಹಾಗಾದರೆ ಹುಡುಗಿಯರು ಬೇಯುತ್ತಾ ಕುಳಿತಿರಲೆಂದು ನನ್ನ ಅಭಿಪ್ರಾಯವಲ್ಲ. ನಿಮ್ಮ ಪ್ರೀತಿಯ ಕಾಣಿಕೆಯು ಈ ಕೆಳಗಿನ ಅನುಕ್ರಮದಲ್ಲಿ ವೆಚ್ಚವಾಗಲೆಂದು ಶಾಲೆಯ ಆಡಳಿತ ಮಂಡಳಿಯ ಮುಂದೆ ನನ್ನ ವಿಜ್ಞಾಪನೆಯನ್ನು ಇಟ್ಟಿದ್ದೇನೆ. ಮೊದಲನೆಯದು, ಹೊಸ ಕಟ್ಟಡದ ತಾರಸಿಗೆ ಬಿಸಿಲನ್ನು ಹಿಂದಕ್ಕೆ ತಳ್ಳುವ ಬಿಳಿಯ ಲೇಪವನ್ನು ಬಳಿಯುವುದು, ಹಳೆಯ ಕಟ್ಟಡದಲ್ಲಿ ಮಚ್ಚಿಲ್ಲದ ತರಗತಿಗಳಿಗೆ ಮಚ್ಚು ಹಾಕಿಸುವುದು. ಎರಡನೆಯದು, ಕಾಲಾಂತರದಲ್ಲಿ ಹಲಗೆಯಿಂದ ಮುಚ್ಚಿಹೋದ ಗಾಳಿಗಂಡಿಗಳನ್ನು ತೆರೆದು ಅವುಗಳಿಗೆ ಬಲೆ ಕೂರಿಸುವುದು. ಮೂರನೆಯದು, ಪಡುವಣ ಮಗ್ಗುಲಿಗೆ ಬಿದಿರಿನ ತಟ್ಟಿಗಳನ್ನು ಕಟ್ಟಿ, ಮರಗಳನ್ನು ನೆಡುವುದು. ಬಿಸಿಲು ಗಾಜನ್ನು ಮುಟ್ಟುವ ಮೊದಲೇ ಹೊರಗೆ ತಡೆಯುವುದು ಒಳಗೆ ಪರದೆ ಎಳೆಯುವುದಕ್ಕಿಂತ ಮೇಲು. ನಾಲ್ಕನೆಯದು, ಹಳೆಯ ಫ್ಯಾನುಗಳನ್ನು ತೆಗೆದು ಕಡಿಮೆ ವಿದ್ಯುತ್ತಿನವುಗಳನ್ನು ಹಾಕುವುದು. ಮೈಮೇಲೆ ಗಾಳಿಯಾಡಿದರೆ ಎರಡು ಮೂರು ಡಿಗ್ರಿ ತಂಪಾದಂತೆಯೇ ತೋರುವುದು. ಐದನೆಯದು ಹಣ ಬೇಡದ್ದು: ಸೆಕೆಯ ತಿಂಗಳುಗಳಲ್ಲಿ ಶಾಲೆಯನ್ನು ಬೆಳಿಗ್ಗೆ ಬೇಗನೆ ಆರಂಭಿಸುವುದು. ಆರನೆಯದಾಗಿ, ಗಣಕಯಂತ್ರಗಳ ಕೋಣೆಗೂ, ಅಸ್ವಸ್ಥರಾದ ಹುಡುಗಿಯರನ್ನು ಮಲಗಿಸುವ ಕೋಣೆಗೂ ಒಳ್ಳೆಯ ಯಂತ್ರಗಳನ್ನು ಕೂರಿಸುವುದು.

ಈ ಯಂತ್ರಗಳನ್ನೂ 24 ಡಿಗ್ರಿಗಿಂತ ಕೆಳಕ್ಕೆ ಇಳಿಸಬಾರದು. ಒಂದೊಂದು ಡಿಗ್ರಿ ಮೇಲಕ್ಕಿಟ್ಟರೆ ಸುಮಾರು ಶೇಕಡಾ 6ರಷ್ಟು ವಿದ್ಯುತ್ತು ಉಳಿಯುವುದೆಂದು ಕೇಂದ್ರ ಸರಕಾರದ ಶಕ್ತಿ ಮಿತವ್ಯಯದ ಇಲಾಖೆಯವರು ತಿಳಿಸಿದ್ದಾರೆ. 2020ರ ಜನವರಿ 1ರಿಂದ ನಮ್ಮ ದೇಶದಲ್ಲಿ ನಕ್ಷತ್ರದ ಗುರುತಿನಿಂದ ಮಾರಲ್ಪಡುವ ಕೋಣೆಯ ಯಂತ್ರಗಳು ತೆರೆದ ಕೂಡಲೇ 24 ಡಿಗ್ರಿಯಲ್ಲಿಯೇ ನಿಲ್ಲತಕ್ಕದ್ದೆಂದು ನಿಯಮವೂ ಆಗಿದೆ. ಮನೆಗಳಲ್ಲಿ ಯಂತ್ರವಿರುವ ಪೋಷಕರು ಇದನ್ನು ಈ ದಿನವೇ ಅನುಸರಿಸಬಹುದು.

ಓಬರ್ಲಿನ್ ಕಾಲೇಜಿನವರಂತೆ, ತಿಂಗಳು ತಿಂಗಳ ವಿದ್ಯುತ್ತಿನ ಲೆಕ್ಕವನ್ನು ಶಾಲೆಯ ದೊಡ್ಡ ಹಲಗೆಯ ಮೇಲೆ ಬರೆಯುವ ಕೆಲಸವನ್ನು ಹತ್ತನೆಯ ತರಗತಿಯ ಹುಡುಗಿಯರಿಗೆ ಒಪ್ಪಿಸಬೇಕೆಂದಿದ್ದೇನೆ. ಇಂದು ಶಾಲೆಯ ಲೆಕ್ಕವನ್ನು ನೋಡಿದವಳು ನಾಳೆ ಮನೆಯ ಲೆಕ್ಕವನ್ನೂ, ದೇವರ ಚಿತ್ತವಾದರೆ ಒಂದು ಪಟ್ಟಣದ ಲೆಕ್ಕವನ್ನೂ ನೋಡುವವಳಾಗಬಹುದು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನೀವು ಕಳುಹಿಸುವ ಕಾಣಿಕೆಯು ಒಂದು ಪೆಟ್ಟಿಗೆಯಾಗಿ ಗೋಡೆಯ ಮೇಲೆ ಕಾಣಿಸದೆ, ತಾರಸಿಯ ಮೇಲಿನ ಬಿಳಿಯ ಬಣ್ಣವಾಗಿಯೂ ಪಡುವಣ ಅಂಗಳದ ನೆರಳಾಗಿಯೂ ಇರುವುದು. ಅದರ ಮೇಲೆ ನಿಮ್ಮ ಹೆಸರನ್ನು ಬರೆಯಲಾಗದು. ಆದರೂ ಅದರ ಕೆಳಗೆ ಕುಳಿತು ಓದುವ ಹುಡುಗಿಯರಲ್ಲಿ ಶುಲ್ಕದ ಭಾರದಿಂದ ಬಿಟ್ಟುಹೋದವಳು ಒಬ್ಬಳೂ ಇರಬಾರದೆಂಬುದೇ ನಮ್ಮೆಲ್ಲರ ಪ್ರಾರ್ಥನೆಯಾಗಿರಲಿ.